ಅಜ್ಜಿಗೆ ಒಪ್ಪಿಗೆಯಾಗಬೇಕಿದ್ದ ಶಾಲೆ

ಚಿಕ್ಕ ಶಾಲೆಯಲ್ಲಿ ಪಾಠ ಮಾಡುವವರಿಗೆ ವಾರಕ್ಕೆ ಒಂದಾದರೂ ನಗುವ ಸಂಗತಿ ಸಿಕ್ಕಿಯೇ ಸಿಗುತ್ತದೆ. ಸಿಕ್ಕಿದ ದಿನ ಮನೆಗೆ ಬಂದು ಹೇಳುತ್ತೇನೆ, ಮನೆಯವರು ನಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಬರೆಯಲು ಕೂತದ್ದು ಇದೇ ಮೊದಲು. ಏನಾದರೂ ಬಿಟ್ಟುಹೋದೀತು ಎಂಬ ಹೆದರಿಕೆಯಲ್ಲಿ ಸ್ವಲ್ಪ ಹೆಚ್ಚೇ ವಿವರಿಸಿದರೆ ಓದುವವರು ಸಹಿಸಿಕೊಳ್ಳಬೇಕು.

ಮೊದಲು ಶಾಲೆಯ ವಿಷಯ ಹೇಳುತ್ತೇನೆ. ನಮ್ಮದು ಅಳದಂಗಡಿಯಿಂದ ಒಳಗೆ ಇರುವ ಕಿರಿಯ ಪ್ರಾಥಮಿಕ ಶಾಲೆ. ಕಿರಿಯ ಎಂದರೆ ಐದನೆಯ ತರಗತಿಗೆ ಮುಗಿಯಿತು. ಎರಡು ಕೋಣೆ, ಇಬ್ಬರು ಟೀಚರು. ಆರನೆಯದಕ್ಕೆ ಹೋಗುವ ಮಕ್ಕಳು ರಬ್ಬರ್ ತೋಟ ದಾಟಿ, ತೋಡಿಗೆ ಅಡ್ಡ ಹಾಕಿದ ಮರದ ಸಂಕ ದಾಟಿ, ಮುಕ್ಕಾಲು ಗಂಟೆ ನಡೆಯಬೇಕು. ಮಳೆಗಾಲದಲ್ಲಿ ಸಂಕದ ಮೇಲೆ ನೀರು ಬಂದರೆ ಶಾಲೆಗೆ ರಜೆ ಇಲ್ಲದಿದ್ದರೂ ಮಕ್ಕಳಿಗೆ ರಜೆ.

ಇನ್ನೊಂದು ದಾರಿಯೂ ಉಂಟು. ಮೂಡುಬಿದಿರೆಯ ಕಡೆಗೆ ಒಂದು ಕನ್ನಡ ಮಾಧ್ಯಮದ ವಸತಿ ಶಾಲೆ ಇದೆ. ಹೆಸರು ಬೇಡ. ಬುದ್ಧಿ ಚುರುಕಾದ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸುತ್ತಾರೆ. ಆಯ್ಕೆಯಾದವರಿಗೆ ಹತ್ತನೆಯವರೆಗೆ ಪಾಠ, ಊಟ, ಹಾಸಿಗೆ, ಎಲ್ಲ ಅವರದ್ದೇ. ಸೀಟು ಕೆಲವೇ. ಬರೆಯುವ ಮಕ್ಕಳು ಜಾತ್ರೆಯಷ್ಟು. ನಮ್ಮ ಶಾಲೆಯಿಂದ ಅಲ್ಲಿಗೆ ಒಂದು ಮಗುವೂ ಹೋದದ್ದಿಲ್ಲ. ಒಬ್ಬಳನ್ನು ಕಳಿಸಬೇಕು ಎಂದು ನನಗೆ ಆಸೆ ಹುಟ್ಟಿದ್ದು ನಾನು ಹೇಳಹೊರಟ ಈ ಹುಡುಗಿಯನ್ನು ನೋಡಿದ ಮೇಲೆ. ಅವಳ ಅಪ್ಪ ಕೆಂಪುಕಲ್ಲಿನ ಕೋರೆಗೆ ಹೋಗುವವರು. ಅಮ್ಮ ಮತ್ತು ಅಜ್ಜಿ ಬೀಡಿ ಕಟ್ಟುವವರು. ಮನೆಯ ಮಾತು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಮೂರನೆಯವರ ಬೆಂಚು

ನಮ್ಮಲ್ಲಿ ಮೂರು, ನಾಲ್ಕು, ಐದು, ಮೂರೂ ತರಗತಿ ಒಂದೇ ಕೋಣೆಯಲ್ಲಿ. ಹಿಂದೆ ಕೂತ ಐದನೆಯವರಿಗೆ ಲೆಕ್ಕ ಹೇಳುವಾಗ ಮುಂದಿನ ಮೂರನೆಯವರು ಕಾಪಿ ಬರೆಯುತ್ತಿರಬೇಕು ಎಂಬುದು ಏರ್ಪಾಡು.

ಆಗ ಈ ಹುಡುಗಿ ಮೂರನೆಯ ತರಗತಿ. ನಾನು ಐದನೆಯವರಿಗೆ ಲೆಕ್ಕ ಕೊಟ್ಟು ಚಾಕ್ ಕೆಳಗಿಡುವ ಮೊದಲೇ ಇವಳು ಉತ್ತರ ಹೇಳಿಬಿಡುತ್ತಿದ್ದಳು. ದೊಡ್ಡ ಮಕ್ಕಳು ಯೋಚಿಸುವುದನ್ನೇ ಬಿಟ್ಟರು. "ಇನ್ನು ಮುಂದೆ ನೀನು ಬಾಯಿ ಬಿಡಬಾರದು" ಎಂದು ಗದರಿಸಿದೆ. ತಲೆ ಆಡಿಸಿದಳು.

ಮರುದಿನದಿಂದ ಐದನೆಯವರೆಲ್ಲ ಚುರುಕಾದರು. ಕೇಳಿದ್ದಕ್ಕೆಲ್ಲ ಸರಿಯುತ್ತರ. ನನಗೆ ಸಂತೋಷವೋ ಸಂತೋಷ, ನನ್ನ ಪಾಠ ಈಗ ತಲೆಗೆ ಹೋಗುತ್ತಿದೆ ಎಂದು. ನಾಲ್ಕನೆಯ ದಿನ ಸಂಶಯ ಬಂದು ಹಿಂದಿನಿಂದ ಹೋಗಿ ನೋಡಿದರೆ, ಇವಳು ಮುಂದೆ ಬಗ್ಗಿ ಕಾಪಿ ಬರೆಯುತ್ತಿದ್ದಾಳೆ, ಎಡಗೈಯಲ್ಲಿ ಸ್ಲೇಟನ್ನು ಬೆನ್ನಿಗೆ ಆನಿಸಿ ಹಿಡಿದಿದ್ದಾಳೆ. ಸ್ಲೇಟಿನಲ್ಲಿ ಉತ್ತರ.

"ನಿನಗೆ ಹೇಳಬಾರದು ಅಂತ ಹೇಳಿದ್ದೆ ಅಲ್ಲವಾ?"

"ನಾನು ಹೇಳಲಿಲ್ಲ ಟೀಚರ್. ಅವರೇ ಓದಿದ್ದು."

ಬಸಳೆಯ ತೊಂದರೆ

ಐದನೆಯ ತರಗತಿಗೆ ಬಂದ ಮೇಲೆ ಪರೀಕ್ಷೆಯ ತಯಾರಿ ಸುರುಮಾಡಿದೆವು. ಲೆಕ್ಕದಲ್ಲಿ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಗುಂಪಿಗೆ ಸೇರದ ಪದವನ್ನು ಹುಡುಕುವ ಪ್ರಶ್ನೆಗಳಲ್ಲಿ. ನಾಲ್ಕು ಹೆಸರು ಕೊಟ್ಟಿರುತ್ತಾರೆ, ಒಂದು ಬೇರೆ ಜಾತಿಯದ್ದು, ಅದನ್ನು ಹೇಳಬೇಕು.

"ಬೆಂಡೆ, ಬದನೆ, ತೊಂಡೆ, ಬಸಳೆ."

"ಬಸಳೆ" ಎಂದಳು ಕೂಡಲೇ. ಸರಿಯುತ್ತರ. ಬಸಳೆ ಸೊಪ್ಪು, ಉಳಿದದ್ದು ಕಾಯಿ. ಆದರೂ ಕೇಳುವ ಎಂದು ಕೇಳಿದೆ, "ಯಾಕೆ?"

"ಉಳಿದದ್ದು ಅಂಗಡಿಯಿಂದ ತರುವುದು ಟೀಚರ್. ಬಸಳೆ ಆಚೆಮನೆಯಲ್ಲಿ ಕೇಳಿ ತರುವುದು."

ಉತ್ತರ ಸರಿ, ಕಾರಣ ತಪ್ಪು. ಇರಲಿ ಎಂದು ಮುಂದಿನದನ್ನು ಓದಿದೆ. "ಕಾಗೆ, ಗಿಳಿ, ಕೋಳಿ, ಬಾವಲಿ."

"ಕೋಳಿ."

"ಯಾಕೆ?"

"ನೆಂಟರು ಬಂದರೆ ಬೇರೆ ಯಾವುದನ್ನೂ ಕೊಯ್ಯುವುದಿಲ್ಲ."

ಇಲ್ಲಿ ಕಾರಣ ಸರಿ, ಉತ್ತರ ತಪ್ಪು. ಬಾವಲಿ ಪಕ್ಷಿಯಲ್ಲ, ಮರಿಗೆ ಹಾಲು ಕೊಡುತ್ತದೆ ಎಂದೆಲ್ಲ ವಿವರಿಸಿದೆ. ಆಮೇಲೆ ನನಗೆ ತಿಳಿದಷ್ಟು ಬುದ್ಧಿ ಹೇಳಿದೆ: "ನೋಡು ಮಗ, ಈ ಪ್ರಶ್ನೆ ಬರೆದವರು ಎಲ್ಲೋ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತವರು. ಅವರ ತಲೆಯಲ್ಲಿ ಏನುಂಟು ಅಂತ ಯೋಚನೆ ಮಾಡಿ ಉತ್ತರ ಹೇಳಬೇಕು."

ಅವಳಿಗೆ ಅದು ಚೆನ್ನಾಗಿ ನಾಟಿತು. ಅಂದಿನಿಂದ ಪರೀಕ್ಷೆಯ ಹಿಂದಿನ ದಿನದವರೆಗೂ, ನಾನು ಯಾವ ಪ್ರಶ್ನೆ ಕೇಳಿದರೂ ಮೊದಲು ನನ್ನನ್ನೇ ಕೇಳುತ್ತಿದ್ದಳು:

"ಅವರಿಗೆ ಬೇಕಾದ ಉತ್ತರ ಹೇಳಬೇಕಾ ಟೀಚರ್, ನಿಜವಾದ್ದಾ?"

ಅಜ್ಜಿ ಸಹಾಯ ಮಾಡಿದರು

ಈ ಪರೀಕ್ಷೆಯಲ್ಲಿ ಉತ್ತರ ಬರೆಯಲಿಕ್ಕಿಲ್ಲ. ಪ್ರತಿ ಪ್ರಶ್ನೆಗೆ ನಾಲ್ಕು ಸಣ್ಣ ವೃತ್ತ ಇರುವ ಹಾಳೆ ಕೊಡುತ್ತಾರೆ. ಸರಿಯಾದ ಒಂದು ವೃತ್ತವನ್ನು ಕಪ್ಪು ಪೆನ್ನಿನಲ್ಲಿ ತುಂಬಿಸಬೇಕು. ಓಎಂಆರ್ ಎನ್ನುತ್ತಾರೆ. ಅಂಥ ಹಾಳೆ ನಮ್ಮಲ್ಲಿ ಇಲ್ಲದ್ದರಿಂದ ಪೆನ್ನಿನ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದು, ಒಂದು ಭಾನುವಾರ ಪೂರ್ತಿ ಕೂತು ನಾನೇ ತಯಾರು ಮಾಡಿದೆ. ಹಾಳೆ ಕೊಟ್ಟು, "ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಾ" ಎಂದೆ.

ಮರುದಿನ ತಂದ ಹಾಳೆ ನೋಡಿ ತಲೆಗೆ ಕೈ ಇಟ್ಟೆ. ಒಂದು ವೃತ್ತವೂ ಖಾಲಿ ಇಲ್ಲ. ಎಲ್ಲ ಪ್ರಶ್ನೆಗೂ ನಾಲ್ಕಕ್ಕೆ ನಾಲ್ಕು ಕಪ್ಪು.

"ಎಂತ ಇದು?"

"ನಾನು ಒಂದೊಂದೇ ತುಂಬಿಸಿದ್ದು ಟೀಚರ್. ಸ್ನಾನ ಮಾಡಿ ಬರುವಾಗ ಅಜ್ಜಿ ಉಳಿದದ್ದನ್ನು ಮುಗಿಸಿ ಆಗಿತ್ತು."

ಸಂಜೆ ಅವರ ಮನೆಗೇ ಹೋದೆ. ಅಜ್ಜಿ ಮಡಿಲಲ್ಲಿ ಬೀಡಿಯ ಗೆರಸೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಬಹಳ ಸಮಾಧಾನದಿಂದ ಹೇಳಿದರು, "ಮಗು ಒಂದೊಂದು ಮಾಡಿ ಎದ್ದು ಹೋಗಿತ್ತು ಟೀಚರೇ. ಅಷ್ಟೂ ಒಬ್ಬಳೇ ಮಾಡಬೇಕಲ್ಲ, ಪಾಪ. ನಾನು ಮುಗಿಸಿದೆ. ಅರ್ಧ ಕೆಲಸ ಕೊಂಡುಹೋದರೆ ನಮ್ಮ ಬೀಡಿ ಬ್ರಾಂಚಿನಲ್ಲೂ ತೆಗೆದುಕೊಳ್ಳುವುದಿಲ್ಲ."

ಒಂದೇ ತುಂಬಿಸುವುದು ಯಾಕೆ ಎಂದು ಅವರಿಗೆ ವಿವರಿಸಲು ಅರ್ಧ ಗಂಟೆ ಬೇಕಾಯಿತು. ಕೊನೆಗೆ ಅರ್ಥವಾಯಿತು. ಅರ್ಥವಾದ ಮೇಲೆ ಅಜ್ಜಿಗೆ ಬೇಸರವಾದದ್ದು ಬೇರೆಯೇ ಕಾರಣಕ್ಕೆ.

"ಹಾಗಾದರೆ ಉಳಿದ ಮೂರನ್ನು ಅಷ್ಟು ಚಂದ ಬರೆದದ್ದು ಯಾಕೆ ಟೀಚರೇ?"

ಬರೆದವಳು ನಾನೇ. ಒಂದು ಮಾತು ಮಾತ್ರ ಹೇಳಬೇಕು. ಆ ಹಾಳೆಯಲ್ಲಿ ಗೆರೆ ದಾಟದೆ ತುಂಬಿದ ವೃತ್ತಗಳೆಲ್ಲ ಅಜ್ಜಿಯವು.

ಪ್ರವೇಶ ಪತ್ರದಲ್ಲಿ ಮೂಗು

ಪರೀಕ್ಷೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು, ಹುಡುಗಿ, ಅವಳ ಅಮ್ಮ ಮೂವರು ಹೊರಟೆವು. ಅಮ್ಮ ಹೆಚ್ಚು ಮಾತಿನವರಲ್ಲ. ಬಸ್ಸಿನಲ್ಲಿ ಒಂದೇ ಸಲ ಬಾಯಿ ಬಿಟ್ಟರು. "ನಾನು ಏಳನೆಗೆ ನಿಲ್ಲಿಸಿದ್ದು ಟೀಚರ್. ಇವಳು ನಿಲ್ಲಿಸಬಾರದು." ನಾನು ತಲೆ ಆಡಿಸಿ ಕಿಟಕಿಯ ಕಡೆಗೆ ನೋಡಿದೆ.

ಪರೀಕ್ಷಾ ಕೇಂದ್ರದಲ್ಲಿ ಮಕ್ಕಳನ್ನು ಒಳಗೆ ಬಿಟ್ಟು ನಾವು ಬಾಗಿಲ ಹತ್ತಿರ ನಿಂತಿದ್ದೆವು. ಮೇಲ್ವಿಚಾರಕರು, ಕನ್ನಡಕ ಹಾಕಿದ ಒಬ್ಬ ಮೇಷ್ಟ್ರು, ಪ್ರವೇಶ ಪತ್ರ ನೋಡುತ್ತಾ ಬಂದವರು ಇವಳ ಹತ್ತಿರ ನಿಂತರು.

"ಇದರಲ್ಲಿ ಮುಖ ಎಲ್ಲಿ?"

ವಿಷಯ ಏನೆಂದರೆ, ನಮ್ಮ ಕಡೆ ಹೊಸ ಕಾಗದ, ಹೊಸ ವಾಹನ, ಹೊಸ ಪುಸ್ತಕ ಏನೇ ಇದ್ದರೂ ದೇವಸ್ಥಾನದ ಗಂಧ ಹಚ್ಚುವ ಕ್ರಮ. ಅಜ್ಜಿ ಬೆಳಿಗ್ಗೆ ಮೊಮ್ಮಗಳ ಹಣೆಗೆ ಗಂಧ ಇಟ್ಟು, ಅದೇ ಬೆರಳಿನಲ್ಲಿ ಪ್ರವೇಶ ಪತ್ರದ ಫೋಟೋದ ಹಣೆಗೂ ಇಟ್ಟಿದ್ದರು. ಫೋಟೋ ಉಗುರಿನಷ್ಟು, ಅಜ್ಜಿಯ ಬೆರಳು ಅಜ್ಜಿಯ ಬೆರಳಿನಷ್ಟು. ಮೇಲಿಂದ ಪ್ಲಾಸ್ಟಿಕ್ ಕವರು. ಬಸ್ಸಿನ ಸೆಕೆಗೆ ಗಂಧ ಹರಡಿ ಮುಖ ಪೂರ್ತಿ ಹಳದಿ.

"ಇದು ನೀನೇ ಅಂತ ನನಗೆ ಗೊತ್ತಾಗುವುದು ಹೇಗೆ?" ಮೇಷ್ಟ್ರು ಸಿಟ್ಟಿನಲ್ಲಿದ್ದರು.

ಹೊರಗಿನಿಂದ ನಾನು ಕತ್ತು ಚಾಚಿ ನೋಡುತ್ತಿದ್ದೆ. ಒಳಗೆ ಹುಡುಗಿ ತನ್ನ ಹಣೆಗೆ ಬೆರಳು ತೋರಿಸಿ ಹೇಳಿದಳು, "ಮುಖ ನೋಡಬೇಡಿ ಸರ್, ಗಂಧ ನೋಡಿ. ಎರಡೂ ಕಡೆ ಒಂದೇ."

ಮೇಷ್ಟ್ರು ಕನ್ನಡಕ ತೆಗೆದರು. ಸಿಟ್ಟು ಅಲ್ಲಿಗೆ ಇಳಿಯಿತು ಎಂದು ಕಾಣುತ್ತದೆ. ಕಿಸೆಯಿಂದ ಕರವಸ್ತ್ರ ತೆಗೆದು ಫೋಟೋವನ್ನು ಮೆಲ್ಲ ಒರೆಸಿದರು. ಅದು ನಮ್ಮ ಪೇಟೆಯ ಸೈಬರ್ ಅಂಗಡಿಯಲ್ಲಿ ತೆಗೆದ ಪ್ರಿಂಟು. ಗಂಧದ ಜೊತೆ ಬಣ್ಣವೂ ಎದ್ದು ಬಂತು.

"ಅಯ್ಯೋ, ಮೂಗೇ ಹೋಯಿತಲ್ಲ ಮಾರಾಯ್ತಿ!"

"ಪರವಾಗಿಲ್ಲ ಸರ್" ಎಂದಳು ಹುಡುಗಿ, ಅವರಿಗೇ ಸಮಾಧಾನ ಹೇಳುವವಳಂತೆ. "ಮೂಗು ನನ್ನ ಹತ್ತಿರ ಉಂಟು."

ಬಿಟ್ಟ ಪ್ರಶ್ನೆ

ಇದು ಸಣ್ಣದು. ಪರೀಕ್ಷೆ ಮುಗಿಸಿ ಬಂದವಳು ಒಂದು ಪ್ರಶ್ನೆ ಬಿಟ್ಟೆ ಎಂದಳು. ಪ್ರಶ್ನೆಪತ್ರಿಕೆಯನ್ನು ಅವಳ ಕೈಯಿಂದ ಕಸಿದುಕೊಂಡೆ. ಯಾವುದು ಎಂದು ನೋಡಿದರೆ ಸುಲಭದ ಲೆಕ್ಕ. "ಇದು ಬಿಡುವಂಥದ್ದಾ? ಇದರ ಉತ್ತರ ಹದಿನೆಂಟು" ಎಂದೆ. ಪಕ್ಕದಲ್ಲಿ ನಿಂತಿದ್ದ ಬಂಟ್ವಾಳದ ಕಡೆಯ ಒಬ್ಬರು, ಅವರೂ ಮಗನನ್ನು ಕರೆದುಕೊಂಡು ಬಂದವರು, "ಇಲ್ಲ ಮೇಡಂ, ಇಪ್ಪತ್ತನಾಲ್ಕು" ಎಂದರು. ಮಾತಿಗೆ ಮಾತು ಬೆಳೆದು ಹತ್ತು ಜನ ಸೇರಿದರು. ಅರ್ಧ ಜನ ನನ್ನ ಕಡೆ, ಅರ್ಧ ಜನ ಅವರ ಕಡೆ.

ಹುಡುಗಿ ನನ್ನ ಸೆರಗು ಎಳೆದಳು. "ಟೀಚರ್, ನಿಮ್ಮಿಬ್ಬರದ್ದೂ ತಪ್ಪು. ಇಪ್ಪತ್ತೊಂದು. ಹೋಗುವ, ಬಸ್ಸು ಬಂತು."

"ಗೊತ್ತಿದ್ದ ಮೇಲೆ ಬಿಟ್ಟದ್ದು ಯಾಕೆ?"

"ಇಪ್ಪತ್ತೊಂದು ಆ ನಾಲ್ಕರಲ್ಲಿ ಇರಲಿಲ್ಲ."

ಆ ಪ್ರಶ್ನೆಯೇ ತಪ್ಪು ಎಂದು ಆಮೇಲೆ ಎಲ್ಲರಿಗೂ ಅಂಕ ಕೊಟ್ಟರಂತೆ. ಹದಿನೆಂಟು ಎಂದ ನನಗೆ ಯಾರೂ ಏನೂ ಕೊಡಲಿಲ್ಲ.

ನೋಡಿ ತಿಳಿಸುತ್ತೇವೆ

ಫಲಿತಾಂಶ ನನ್ನ ಮೊಬೈಲಿಗೆ ಬಂತು. ಆಯ್ಕೆಪಟ್ಟಿಯಲ್ಲಿ ನಮ್ಮ ಹುಡುಗಿಯ ಹೆಸರು ಇತ್ತು. ಓಡುತ್ತಲೇ ಅವರ ಮನೆಗೆ ಹೋದೆ. ಅಮ್ಮ ಅತ್ತರು. ಅಪ್ಪ ನಕ್ಕರು. ಅಜ್ಜಿ ಮಾತ್ರ ಬೀಡಿಯ ಎಲೆ ಕತ್ತರಿಸುತ್ತಲೇ ಇದ್ದರು. ಈ ಮಗು ಹುಟ್ಟಿದಂದಿನಿಂದ ಮಲಗುವುದು ಅಜ್ಜಿಯ ಪಕ್ಕದಲ್ಲಿ. ಅಜ್ಜಿ ಒಪ್ಪದೆ ಆ ಮನೆಯಲ್ಲಿ ಎಮ್ಮೆಯ ಹಗ್ಗವೂ ಬಿಚ್ಚುವುದಿಲ್ಲ.

"ಮನೆ ನೋಡದೆ ಹೆಣ್ಣು ಕಳಿಸುವುದು ಎಲ್ಲಿಯಾದರೂ ಉಂಟಾ?" ಎಂದರು ಕೊನೆಗೆ. "ಮೊದಲು ಹೋಗಿ ನೋಡುವ."

ಪೋಷಕರನ್ನು ಕರೆದ ದಿನ ಬೇರೆ ಮಕ್ಕಳ ಜೊತೆ ಅಪ್ಪ, ಅಮ್ಮ ಬಂದಿದ್ದರು. ನಮ್ಮ ಹುಡುಗಿಯ ಜೊತೆ ಒಂದು ಓಮ್ನಿ ತುಂಬ ಜನ ಬಂದರು. ಅಜ್ಜಿ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಸೋದರಮಾವ, ಅಂದರೆ ಅಜ್ಜಿಯ ಮಗ, ಅಮ್ಮನ ತಮ್ಮ, ಬಿಳಿ ಪಂಚೆಯಲ್ಲಿ ಗಂಭೀರವಾಗಿ ಇಳಿದರು. ನಮ್ಮಲ್ಲಿ ಇಂಥ ಮಾತುಕತೆಗೆ ಸೋದರಮಾವ ಬೇಕೇ ಬೇಕು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಬಾಟಲಿ ನೀರು ಕೊಟ್ಟರು. ಅಜ್ಜಿ ನನ್ನ ಕಿವಿಯಲ್ಲಿ, "ಬೆಲ್ಲ ಇಲ್ಲವಾ?" ಎಂದರು. ನೀರಿನ ಜೊತೆ ಬೆಲ್ಲ ಇಡದ ಮನೆ ಅವರ ಲೆಕ್ಕದಲ್ಲಿ ಮೊದಲ ಹೆಜ್ಜೆಯಲ್ಲೇ ಸೋತಿತ್ತು. ಆಮೇಲೆ ಎದ್ದು ಅಡುಗೆಮನೆಗೆ ಹೋದರು. ಕುಚ್ಚಲಕ್ಕಿ ಅನ್ನದ ಎರಡು ಅಗುಳು ಬೆರಳಲ್ಲಿ ಹಿಚುಕಿ ನೋಡಿದರು. ಬಾವಿಗೆ ಬಗ್ಗಿ ನೋಡಿದರು. ಹಾಸ್ಟೆಲಿನ ಮೇಲ್ವಿಚಾರಕಿ ಚಿಕ್ಕ ಪ್ರಾಯದ ಹುಡುಗಿ. ಅವಳನ್ನು ನಿಲ್ಲಿಸಿ ಕೇಳಿದರು:

"ನಿನ್ನ ತಾಯಿಮನೆ ಎಲ್ಲಿ ಮಗ?"

"ತೋಡಾರು."

"ತೋಡಾರಾ? ನನ್ನ ತಂಗಿಯ ನಾದಿನಿಯನ್ನು ಅಲ್ಲಿಗೇ ಕೊಟ್ಟದ್ದು." ಅಜ್ಜಿಯ ಮುಖ ಅರಳಿತು. ನನಗೂ ಸ್ವಲ್ಪ ಉಸಿರು ಬಂತು.

ಆದರೆ ವಾಪಸು ಬಂದು ಕೂತ ಮೇಲೆ ಮುಖ್ಯೋಪಾಧ್ಯಾಯರು, "ಅಜ್ಜಿ, ನೀವು ಏನೂ ಕೊಡಲಿಕ್ಕಿಲ್ಲ. ಪುಸ್ತಕ, ಬಟ್ಟೆ, ಊಟ ಎಲ್ಲ ನಮ್ಮದೇ" ಎಂದುಬಿಟ್ಟರು. ಅಜ್ಜಿಯ ಮುಖ ಮತ್ತೆ ಮುಚ್ಚಿತು. ನನ್ನ ಕಡೆಗೆ ಬಗ್ಗಿ, ಇಡೀ ಕೋಣೆಗೆ ಕೇಳುವ ಗುಟ್ಟಿನ ದನಿಯಲ್ಲಿ ಹೇಳಿದರು, "ಏನೂ ಬೇಡ ಅನ್ನುವ ಕಡೆ ಏನೋ ಐಬು ಇರ್ತದೆ ಟೀಚರೇ."

ಆಮೇಲೆ ಎದ್ದು ನಿಂತು ಕೈಮುಗಿದರು. "ಆಗಬಹುದು. ನಾವು ಮನೆಗೆ ಹೋಗಿ ಮಾತಾಡಿ ತಿಳಿಸ್ತೇವೆ."

ಆ ಸೀಟಿಗಾಗಿ ಹೊರಗೆ ಕಾಯುವ ಪಟ್ಟಿಯ ಮಕ್ಕಳ ಅಪ್ಪಂದಿರು ಬಾಗಿಲಲ್ಲಿ ಇಣುಕುತ್ತಿದ್ದರು! "ಸರ್, ಅವರು ಹಾಗೆ ಹೇಳಿದ್ದು..." ಎಂದು ನಾನು ತೊದಲಿದೆ.

"ನನಗೆ ಗೊತ್ತಾಗ್ತದೆ ಟೀಚರ್" ಎಂದರು ಅವರು. "ನಮ್ಮ ಮನೆಯಲ್ಲೂ ಅಜ್ಜಿ ಇದ್ದರು. ಆದರೆ ನಾಲ್ಕು ಗಂಟೆಗೆ ಪಟ್ಟಿ ಮುಗಿಸಬೇಕು."

ಗಂಟೆ ಆಗಲೇ ಮೂರೂವರೆ. ಎಲ್ಲರೂ ಓಮ್ನಿಯ ಹತ್ತಿರ ನಿಂತರು. ಅಜ್ಜಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಕೇಳಿದರು, "ನೀನು ಹೇಳು. ನಿನಗೆ ಹೇಗೆ ಕಾಣ್ತದೆ?"

ಕೇಳಿದ್ದಕ್ಕೆಲ್ಲ ಉತ್ತರ ಇದ್ದ ಹುಡುಗಿ ಅಜ್ಜಿಯ ಕೈಬಳೆಯನ್ನು ತಿರುಗಿಸುತ್ತ ನಿಂತಳು. ಆಮೇಲೆ ಹೇಳಿದಳು, "ನನಗೆ ಇಲ್ಲಿ ಕಲಿಯಬೇಕು ಅಜ್ಜಿ. ಆದರೆ ನೀನು ಒಬ್ಬಳೇ ಮಲಗುವುದು ಹೇಗೆ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೆ ಅಷ್ಟು ಸಣ್ಣ ಪ್ರಾಯವಾ? ನಾನು ಮಲಗ್ತೇನೆ" ಎಂದು ಸಿಡುಕಿದರು. ಮತ್ತೆ ಮಗನ ಕಡೆಗೆ ತಿರುಗಿ, "ಹೋಗಿ ಹೇಳು, ನಮಗೆ ಒಪ್ಪಿಗೆ."

ಸೋದರಮಾವ ಪಂಚೆ ಸರಿಮಾಡಿಕೊಂಡು ಒಳಗೆ ಹೋಗಿ ನೆಟ್ಟಗೆ ನಿಂತು, "ನಮ್ಮ ಕಡೆಯಿಂದ ಒಪ್ಪಿಗೆ" ಎಂದರು. ಮುಖ್ಯೋಪಾಧ್ಯಾಯರು ಎದ್ದು ನಿಂತು ಕೈಮುಗಿದರು. "ನಮಗೂ ಬಹಳ ಸಂತೋಷ."

ಒಪ್ಪಿಸಿಕೊಡುವುದು

ಶಾಲೆ ಸುರುವಾಗುವ ದಿನ ಮಕ್ಕಳನ್ನು ಬಿಡಲು ಹಾಸ್ಟೆಲಿನ ಎದುರು ದೊಡ್ಡ ಸಾಲು. ಮೇಜಿನ ಆಚೆ ತೋಡಾರಿನ ಮೇಲ್ವಿಚಾರಕಿ. ಹೆಸರು ಹೇಳಿ ಸಹಿ ಹಾಕಿದರೆ ಕೆಲಸ ಮುಗಿಯಿತು. ನಮ್ಮದು ಸಾಲಿನಲ್ಲಿ ಮೊದಲು. ಅಜ್ಜಿ ಬೆಳಕು ಹರಿಯುವ ಮೊದಲೇ ಎಲ್ಲರನ್ನೂ ಹೊರಡಿಸಿದ್ದರು.

ಅಮ್ಮ ಸಹಿ ಹಾಕಿದರು. ಅಷ್ಟರಲ್ಲಿ ಅಜ್ಜಿ ಮುಂದೆ ಬಂದರು. ಮದುವೆಯಾದ ಮೇಲೆ ಹುಡುಗಿಯನ್ನು ಗಂಡನ ಮನೆಯವರಿಗೆ ಒಪ್ಪಿಸುವಾಗ ಹಿರಿಯರು ಮಾಡುವ ಒಂದು ಕ್ರಮ ಉಂಟಲ್ಲ, ಹಾಗೆಯೇ, ಮೊಮ್ಮಗಳ ಕೈ ಹಿಡಿದು ಆ ಮೇಲ್ವಿಚಾರಕಿಯ ಕೈಯಲ್ಲಿ ಇಟ್ಟರು. ಮೇಲೆ ವೀಳ್ಯದೆಲೆ, ಅಡಿಕೆ. ಎಲ್ಲದರ ಮೇಲೆ ತಮ್ಮ ಎರಡೂ ಕೈ.

"ಮುದ್ದಿನಲ್ಲಿ ಬೆಳೆದ ಮಗು. ಏನಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇನ್ನು ಇವಳು ನಿಮ್ಮವಳು."

ಅಜ್ಜಿ ಅತ್ತರು, ಅಮ್ಮ ಅತ್ತರು, ನಾನು ಅತ್ತೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಆ ಮೇಲ್ವಿಚಾರಕಿ ನಮ್ಮೆಲ್ಲರಿಗಿಂತ ಜೋರಾಗಿ ಅತ್ತಳು. ಅಳದೆ ನಿಂತವಳು ಹುಡುಗಿ ಒಬ್ಬಳೇ. ಒಂದು ಕೈ ಅವರ ಕೈಯೊಳಗೆ ಸಿಕ್ಕಿಕೊಂಡಿದ್ದರಿಂದ ಇನ್ನೊಂದು ಕೈಯಲ್ಲಿ ಅಜ್ಜಿಯ ಕಣ್ಣು ಒರೆಸುತ್ತಿದ್ದಳು.

ಬದಿಗೆ ಸರಿದು ಮೂಗು ಒರೆಸಿಕೊಂಡು ನಾನು ಹಿಂತಿರುಗಿ ನೋಡಿದರೆ, ನಮ್ಮ ಹಿಂದಿನವರು ಸಹಿ ಹಾಕಿ, ಸ್ವಲ್ಪ ಅನುಮಾನಿಸಿ, ತಮ್ಮ ಮಗನ ಕೈಯನ್ನು ಮೇಲ್ವಿಚಾರಕಿಯ ಕೈಯಲ್ಲಿ ಇಟ್ಟು, "ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ" ಎನ್ನುತ್ತಿದ್ದಾರೆ. ಅವರ ಹಿಂದಿನವರೂ ಹಾಗೆಯೇ. ಇಲ್ಲಿ ಮಕ್ಕಳನ್ನು ಸೇರಿಸುವ ಪದ್ಧತಿಯೇ ಹೀಗೆ ಎಂದು ಇಡೀ ಸಾಲು ತಿಳಿದುಕೊಂಡಿತ್ತು. ಮೇಲ್ವಿಚಾರಕಿ ಬೇಡ ಎನ್ನಲೂ ಆಗದೆ, ಒಂದೊಂದು ಕೈ ಹಿಡಿದು ಒಂದೊಂದು ಸಲ ಅಳುತ್ತಿದ್ದಳು.

ಅಜ್ಜಿ ಇದನ್ನೆಲ್ಲ ನೋಡಿ ಕಣ್ಣೀರಿನಲ್ಲೇ ತಲೆದೂಗಿದರು. "ಒಳ್ಳೆಯ ಮನೆ ಟೀಚರೇ. ಕ್ರಮ ಗೊತ್ತುಂಟು."

ಅಷ್ಟರಲ್ಲಿ ಸಾಲಿನ ಕೊನೆಯಿಂದ ಒಬ್ಬರು ಓಡಿಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು, ಬೆವರಿದ ಮುಖ. ಶಾಲೆ ಕಳಿಸಿದ ಪಟ್ಟಿಯನ್ನು ನನ್ನ ಎದುರು ಹಿಡಿದು, ಅಳು ಬರುವ ದನಿಯಲ್ಲಿ ಕೇಳಿದರು:

"ಮೇಡಂ, ಬಕೆಟು ಉಂಟು, ಕೊಡೆ ಉಂಟು, ವರ್ಗಾವಣೆ ಪತ್ರ ಉಂಟು. ವೀಳ್ಯದೆಲೆ ಬೇಕು ಅಂತ ಇದರಲ್ಲಿ ಎಲ್ಲಿಯೂ ಬರೆಯಲಿಲ್ಲವಲ್ಲ. ನಿಮ್ಮ ಹತ್ತಿರ ಒಂದು ಹೆಚ್ಚಿಗೆ ಉಂಟಾ?"